ಬೆಸ ಲೆಕ್ಕ

ತೆನೆ ಹಬ್ಬ ಬಂದದ್ದು ಸೋಮವಾರ.
ಸೋಮವಾರ ನನಗೆ ರಾತ್ರಿ ಪಾಳಿ, ಇವರಿಗೆ ಹಗಲು ಪಾಳಿ.
ಹಾಗಾಗಿ ಮನಾಮದ ನಾಲ್ಕನೇ ಮಹಡಿಯಲ್ಲಿ
ಮರಿಯಮ್ಮ ತಾಯಿ ಹುಟ್ಟಿದ್ದು ಶುಕ್ರವಾರ ರಾತ್ರಿ.

ಅಂದು ಮೀನಿಲ್ಲ, ಮಾಂಸವಿಲ್ಲ,
ಫ್ರೀಜರಿನ ಬಂಗುಡೆಗೆ ವರ್ಷಕ್ಕೊಂದೇ ರಜೆ.
ಬರೀ ತರಕಾರಿ, ಅದೂ ಬೆಸ ಲೆಕ್ಕದಲ್ಲಿ:
ಮೂರು, ಐದು, ಏಳು; ಕೈಲಾದರೆ ಒಂಬತ್ತು.
ಯಾಕೆ ಬೆಸ, ಎಂದು ಕೇಳಿದ್ದೆ ಮದುವೆಯಾದ ವರ್ಷ.
"ಸಮ ಆದರೆ ಪಾಲು ಮಾಡಿಕೊಂಡು ಎದ್ದುಬಿಡ್ತಾರೆ.
ಬೆಸ ಆದರೆ ಒಂದು ಉಳೀತದೆ,
ಅದಕ್ಕೆ ಜಗಳ ಮಾಡ್ಲಿಕ್ಕಾದ್ರೂ ಕೂತಿರ್ತಾರೆ"
ಎಂದಿದ್ದರು ಅತ್ತೆ, ಅಪೊಲಿನ್ ಬಾಯಿ,
ಕಾಯಿತುರಿಯಿಂದ ಕಣ್ಣೆತ್ತದೆ.

ಬೆಂಡೆ ಜೋರ್ಡಾನಿನದು, ಹೆಬ್ಬೆರಳಿಗಿಂತ ಗಿಡ್ಡ.
ಹೀರೆ ಓಮಾನಿನದು. ಗೇರುಬೀಜ ಹಾಕಿದ ತೊಂಡೆ
ನಮ್ಮ ಹಾಗೆಯೇ ವಿಮಾನದಲ್ಲಿ ಬಂದದ್ದು.
ಹಾಗಲ, ಅಲಸಂಡೆ, ಸಿಹಿಗುಂಬಳ, ಹರಿವೆ,
ಕಾಯಿ ಅರೆದು ಹಾಕಿದ ಮುಳ್ಳುಸೌತೆ.
ಎಂಟು.

ವಿಡಿಯೋದಲ್ಲಿ ಅತ್ತೆ ಬಟ್ಟಲು ಎಣಿಸಿದರು,
ಬೆರಳು ನಮ್ಮ ಪರದೆಯ ತುಂಬ.
"ದಂಟು ಎಲ್ಲಿ?"
ಉಪ್ಪಿನಕಾಯಿ ಸೇರಿಸಿ ಎಂದೆ.
"ಉಪ್ಪಿನಕಾಯಿ ತರಕಾರಿ ಅಲ್ಲ."
ಹಪ್ಪಳ? ಎಂದ ಮಗ ಎಲ್ಟನ್.
ಅವನಿಗೆ ಉತ್ತರವೂ ಸಿಗಲಿಲ್ಲ.

ಕೆಸುವಿನ ದಂಟು, ಈ ಮರಳ ದ್ವೀಪದಲ್ಲಿ!
ಸೆಪ್ಟೆಂಬರಿನ ಗಾಳಿ
ಹಿಂಡದ ಟವೆಲಿನ ಹಾಗೆ ಮುಖಕ್ಕೆ ಬಡಿಯುತ್ತದೆ,
ಒಂದು ಹನಿ ನೆಲಕ್ಕೆ ಬೀಳುವುದಿಲ್ಲ.

ಬಿದ್ದರೆ ಅದು ಏಸಿಯ ನೀರು.
ಕಟ್ಟಡದ ಹಿಂದಿನ ಓಣಿಯಲ್ಲಿ, ಎಂಟು ಮಹಡಿಯ ಏಸಿ
ಹಗಲಿರುಳು ತೊಟ್ಟಿಕ್ಕುವಲ್ಲಿ,
ಖಾಲಿ ಪೇಂಟು ಡಬ್ಬಗಳಲ್ಲಿ, ಆನೆಕಿವಿಯಷ್ಟು ಎಲೆ!
ನಾತೂರ್ ಮೊಫಿಜುಲ್‌ನ ತೋಟ.
"ಕೊಚು" ಎಂದ ಅವನು.
"ಕೆಸು" ಎಂದೆ ನಾನು.
ಎರಡು ಪದಕ್ಕೂ ಒಂದೇ ತುರಿಕೆ.
ನಮ್ಮಲ್ಲಿ ಒಣಸಿಗಡಿ ಹಾಕ್ತೇವೆ, ಎಂದ.
ಇವತ್ತು ಬೇಡ, ಎಂದೆ.
ಪಾಪ, ಇದೆಂಥ ಹಬ್ಬ, ಎಂದಿತು ಅವನ ಮುಖ.
ನಾಲ್ಕು ದಂಟು ಹೆಚ್ಚಿಗೇ ಕೊಯ್ದುಕೊಟ್ಟ.

ಅಂಬಟೆಯಿಲ್ಲದೆ ಕೆಸು ಗಂಟಲು ಹಿಡಿಯುತ್ತದೆ.
ಅಂಬಟೆಯ ಜಾಗಕ್ಕೆ ಲೂಮಿ ಒಡೆದು ಹಾಕಿದೆ:
ಬಿಸಿಲಲ್ಲಿ ಒಣಗಿ ಕಪ್ಪಾದ ನಿಂಬೆ, ಈ ಊರಿನ ಹುಳಿ,
ಕಿವಿಯ ಹತ್ತಿರ ಅಲುಗಿಸಿದರೆ ಗಿಲಕಿ.
ಒಂಬತ್ತು.

ಬಾಳೆಲೆಗೆ ಇನ್ನೂರು ಫಿಲ್ಸ್, ತುದಿ ಹರಿದದ್ದಕ್ಕೆ ನೂರು.
ನಾವು ಹರಿದದ್ದನ್ನೇ ಹಾಸಿದೆವು.
ಇಗರ್ಜಿಯಲ್ಲಿ ಮನೆಗೆ ಏಳು ಭತ್ತದ ಕಾಳು ಕೊಟ್ಟಿದ್ದರು,
ಯಾರದೋ ಸೂಟ್‌ಕೇಸಿನಲ್ಲಿ ಕಾಲುಚೀಲದ ಜೊತೆ ಬಂದವು.
ಉಗುರಲ್ಲಿ ಸುಲಿದು, ಹಾಲಲ್ಲಿ ಅರೆದು
ಚಮಚದ ತುದಿಯಷ್ಟು ನಾಲಗೆಗೆ ಇಟ್ಟುಕೊಳ್ಳುವಾಗ
ಬಾಗಿಲು ತಟ್ಟಿತು.

ಮೊಫಿಜುಲ್. ಮಿಂದು, ತಲೆ ಬಾಚಿ, ಇಸ್ತ್ರಿಯ ಅಂಗಿ.
ಕೈಯಲ್ಲಿ ಸ್ಟೀಲಿನ ಬಟ್ಟಲು:
ಸುಟ್ಟ ಬದನೆ, ಹಸಿಮೆಣಸು, ಮೂಗಿಗೆ ಏರುವ ಸಾಸಿವೆ ಎಣ್ಣೆ.
"ಮೀನಿಲ್ಲ" ಎಂದ, ಆಣೆ ಇಟ್ಟ ಹಾಗೆ.

ಹತ್ತು.

ಇವರು ನನ್ನನ್ನು ನೋಡಿದರು. ನಾನು ಸಕ್ಕರೆ ಡಬ್ಬಕ್ಕೆ
ಒರಗಿ ಕೂತ ಫೋನನ್ನು ನೋಡಿದೆ.
ಅಲ್ಲಿ ಹನ್ನೊಂದು ಗಂಟೆ. ಮೈದುನನ ಮಕ್ಕಳ ಗದ್ದಲದ ನಡುವೆ
ಅತ್ತೆ ಎಲೆ ನೋಡಿದರು, ಬಟ್ಟಲು ನೋಡಿದರು,
ಬಾಗಿಲಲ್ಲೇ ನಿಂತವನನ್ನು ನೋಡಿದರು,
ಕನ್ನಡಕ ಒರೆಸಿ ಮತ್ತೆ ನೋಡಿದರು.

"ಆ ಉಪ್ಪಿನಕಾಯಿ ಮಾವಿನದ್ದಲ್ಲವಾ?"
ಹೌದು ಎಂದೆ.
"ಮಾವು ಮರದಲ್ಲಿ ಆಗೋದು ತಾನೆ? ಎಣಿಸು ಅದನ್ನೂ."

ಲೂಮಿ ಸಾಲಲಿಲ್ಲ.
ಮೊದಲು ಎಲ್ಟನ್ ಕೆಮ್ಮಿದ, ಆಮೇಲೆ ಇವರು.
ಮೊಫಿಜುಲ್ ಗಂಟಲು ಸವರಿಕೊಂಡು
ಇನ್ನೊಂದು ಸೌಟು ಬಡಿಸಿಕೊಂಡ.
ಲಬನ್ ಬಾಟಲಿ ಕೈಯಿಂದ ಕೈಗೆ ಹೋಯಿತು,
ಕಣ್ಣಲ್ಲಿ ನೀರು, ನಗು, ಕೆಮ್ಮು.

ಫೋನಿನಲ್ಲಿ ಅತ್ತೆ ಕೂತಲ್ಲೇ ತೂಕಡಿಸುತ್ತಿದ್ದರು.
ಪಾತ್ರೆಯ ತಳದಲ್ಲಿ ಒಂದೇ ಒಂದು ತುಂಡು ದಂಟು.
ಯಾರೂ ಏಳಲಿಲ್ಲ.